ರಸ್ಕಣ್ಣನ ಕಾರು, ಅತ್ತಿಗೆಯ ಕಾಲು

ರಸ್ಕಣ್ಣ ತೀರಿಕೊಂಡ ವಾರ ಅವನ ಮನೆಗೆ ಬಂದವರಲ್ಲಿ ಹೆಚ್ಚಿನವರು ಎರಡು ಸಮಾಧಾನದ ಮಾತು ಹೇಳಿ, ಮೂರನೆಯ ಮಾತಿಗೆ ಕಾರಿಗೆ ಬಂದರು. ಕಾರನ್ನೇನು ಮಾಡುತ್ತೀರಿ, ಯಾರಿಗಾದರೂ ಕೊಡುತ್ತೀರಾ, ಹಾಗೇ ಹೊರಗೆ ನಿಲ್ಲಿಸಬೇಡಿ, ತುಕ್ಕು ಹಿಡಿಯುತ್ತದೆ. ಅವನ ಹೆಂಡತಿ ಎಲ್ಲರಿಗೂ "ನೋಡೋಣ" ಎಂದರು. ಹೋದ ಮನುಷ್ಯನ ಬಗ್ಗೆ ಏನು ಮಾತಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅವನ ವಸ್ತುವೊಂದು ಕಣ್ಣೆದುರಿಗಿದ್ದರೆ ನಾಲಿಗೆಗೆ ಊರುಗೋಲು ಸಿಕ್ಕಂತಾಗುತ್ತದೆ. ಬಂದವರನ್ನು ಆಡಿಕೊಂಡು ಪ್ರಯೋಜನವಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ನನಗೂ ಮೊದಲು ಕೈಗೆ ಸಿಗುವುದು ಆ ಕಾರೇ.

ಅವನದು ಬೇಕರಿ. ನನ್ನದು ಅದಕ್ಕೆ ಅಂಟಿಕೊಂಡ ಹಳೆ ಪುಸ್ತಕದ ಅಂಗಡಿ. ನಡುವೆ ಒಂದೇ ಗೋಡೆ, ಗೋಡೆಯ ಆಚೆಗೆ ಅವನ ಭಟ್ಟಿ. ಹೀಗಾಗಿ ಆ ಗೋಡೆಗೆ ಒರಗಿದ ನನ್ನ ಪುಸ್ತಕಗಳಿಗೆ ಎಂದೂ ಬೂಸಲು ಹಿಡಿಯಲಿಲ್ಲ. ಹಾಳೆಗಳು ಮಾತ್ರ ಓದುವವರು ಬರುವುದಕ್ಕೆ ಮುಂಚೆಯೇ ಹದವಾಗಿ ಬೆಂದಿರುತ್ತಿದ್ದವು.

ರಸ್ಕಣ್ಣ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ, ಇಟ್ಟವರಿಗೆ ಕಣ್ಣಿತ್ತು. ರಸ್ಕ್ ಎಂದರೆ ಎರಡು ಸಲ ಬೆಂದ ಬ್ರೆಡ್ಡು. ಮೊದಲ ಸಲ ಬೆಂದಾಗ ಮೆತ್ತಗಿರುತ್ತದೆ. ಕೊಯ್ದು ಮತ್ತೆ ಭಟ್ಟಿಗಿಟ್ಟರೆ ಪಸೆಯೆಲ್ಲ ಹೋಗಿ ಗರಿಗರಿಯಾಗುತ್ತದೆ. ಇವನೂ ಹಾಗೇ, ಸಣಕಲು, ಕಂದು ಬಣ್ಣ, ಮುಟ್ಟಿದರೆ ಪುಡಿಯಾಗುತ್ತಾನೇನೋ ಎನ್ನುವಂಥ ಒಣಕಲು. ಯಾರಾದರೂ ಎರಡು ಒಳ್ಳೆಯ ಮಾತಾಡಿದರೆ ಚಹಾದಲ್ಲಿ ಅದ್ದಿದ ಹಾಗೆ ಅಲ್ಲೇ ಕುಸಿದು ಹೋಗುತ್ತಿದ್ದ. ಹುಡುಗನಾಗಿದ್ದಾಗಿಂದ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತವನು. ಮುಂಗೈಯ ಕೂದಲು ಎಂದೋ ಸುಟ್ಟುಹೋಗಿತ್ತು. ಬಿಸಿ ಟ್ರೇಯನ್ನು ಮಡಿಸಿದ ಗೋಣಿತುಂಡಿನಲ್ಲಿ ಹಿಡಿಯುತ್ತಿದ್ದ, ಗೋಣಿತುಂಡು ಸಿಗದಿದ್ದರೆ ಬರಿಗೈಯಲ್ಲಿ. ಬೀದಿಗೆ ಬೀದಿಯೇ ಉಸ್ಸಪ್ಪಾ ಎಂದು ಬೀಸಿಕೊಳ್ಳುವ ದಿನ ಬಾಗಿಲಿಗೆ ಬಂದು ನಿಂತು, "ಇವತ್ತು ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದ.

ಬೇಕರಿಯ ಮುಂಭಾಗದಲ್ಲಿ, ಗಾಜಿನ ಕಪಾಟಿನ ಹಿಂದೆ, ಅವನ ಹೆಂಡತಿ. ನಾನು ಅತ್ತಿಗೆ ಎನ್ನುತ್ತೇನೆ. ಅವರ ಮುಖ ಬೀದಿಗೆ, ಅವನ ಮುಖ ಬೆಂಕಿಗೆ. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಸೂರಿನಡಿ ಬೆನ್ನಿಗೆ ಬೆನ್ನು ಹಾಕಿ ದುಡಿದವರು. ಮಕ್ಕಳಾಗಲಿಲ್ಲ. ವಾರಕ್ಕೊಂದು ದಿನ ರಜೆ. ಆ ದಿನವೂ ಒಬ್ಬರು ಟ್ರೇ ತೊಳೆದರೆ ಇನ್ನೊಬ್ಬರು ಗಾಜು ಒರೆಸುವುದು.

ಅವನ ಬೇಕರಿಯ ಬನ್ನು ತಿಂದೇ ಬೆಳಗು ಮಾಡುತ್ತಿದ್ದ ಹಳೆಯ ಡಾಕ್ಟರೊಬ್ಬರು ಊರು ಬಿಡುವಾಗ ತಮ್ಮ ಕಾರನ್ನು ಇವನಿಗೆ ಬಿಟ್ಟುಹೋದರು. ಅರ್ಧ ಮಾರಿದ್ದು, ಅರ್ಧ ಕೊಟ್ಟಿದ್ದು. ಭುಜ ಉಬ್ಬಿದ, ಮೂಗು ನೀಳವಾದ, ಕೆನೆ ಬಣ್ಣದ ಕಾರು. ನಮ್ಮ ತಂದೆಯ ಕಾಲದಲ್ಲೇ ಹಳತಾಗಿದ್ದದ್ದು. ಅದು ಬಂದ ದಿನ ರಸ್ಕಣ್ಣ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದ, "ಪಕ್ಕಪಕ್ಕ ಕೂತು ಇಬ್ಬರೂ ಒಂದೇ ಕಡೆ ನೋಡೋದು ಅಂದ್ರೆ ಕಾರಲ್ಲೇ ಕಣಯ್ಯ. ಮನೇಲಿ ಎಲ್ಲಿ ಆಗುತ್ತೆ?"

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಕಾರಿನ ಹುಚ್ಚು ಅವನಿಗಿತ್ತು ಎಂದು ಊರು ಈಗಲೂ ಹೇಳುತ್ತದೆ. ಇರಲಿಲ್ಲ. ಎಷ್ಟೋ ದಿನ ಅದನ್ನು ಒರೆಸುತ್ತಲೂ ಇರಲಿಲ್ಲ. ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಬರಬೇಕು, ಅದಷ್ಟೇ ಆಸೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಮನುಷ್ಯನ ಆಸೆ. ಆದರೆ ತೊಂದರೆ ಬಂದದ್ದೇ ಕಾಲಿನಿಂದ.

ಅತ್ತಿಗೆಯ ಅಣ್ಣ ನೌಕರಿಯಿಂದ ನಿವೃತ್ತರಾದಾಗ ಪಕ್ಕದ ಪಟ್ಟಣದಲ್ಲಿ ಬೀಳ್ಕೊಡುಗೆ ಇತ್ತು. ಗಂಡ ಹೆಂಡತಿ ಕಾರಿನಲ್ಲಿ ಹೊರಟರು, ಮೊದಲ ದೂರದ ಪ್ರಯಾಣ. ಮಟಮಟ ಮಧ್ಯಾಹ್ನ. ಸಭಾಂಗಣದ ಮುಂದೆ ಕಾರು ನಿಂತಾಗ ಅತ್ತಿಗೆ ಇಳಿದರು. ಅವರ ಒಂದು ಚಪ್ಪಲಿ ಇಳಿಯಲಿಲ್ಲ. ರಬ್ಬರಿನ ಅಟ್ಟೆ ಕರಗಿ ಕಾರಿನ ನೆಲಕ್ಕೆ ಅಂಟಿಕೊಂಡಿತ್ತು. ರಸ್ಕಣ್ಣ ಎಳೆದಾಗ ಮೇಲಿನ ಪಟ್ಟಿ ಅವನ ಕೈಗೆ ಬಂತು, ಅಟ್ಟೆ ಅಲ್ಲೇ ಉಳಿಯಿತು. ಅಣ್ಣನ ಮನೆಯ ಗೋಡೆಯ ಮೇಲೆ ಆ ಸಮಾರಂಭದ ಫೋಟೋ ಇದೆ. ಎಲ್ಲರೂ ನೆಟ್ಟಗೆ ನಿಂತಿದ್ದಾರೆ. ಅತ್ತಿಗೆ ಮಾತ್ರ ಒಂದು ಪಾದದ ಹಿಂದೆ ಇನ್ನೊಂದನ್ನು ಬಚ್ಚಿಟ್ಟು ಕೊಕ್ಕರೆಯ ಹಾಗೆ ನಿಂತಿದ್ದಾರೆ.

ಹೊರಡುವ ಹೊತ್ತಿಗೆ ಅತ್ತಿಗೆ, ಅತ್ತಿಗೆಯ ಅತ್ತಿಗೆಯ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.

"ಕಾರು ಈ ಕಡೆ ಇದೆ," ಎಂದ ರಸ್ಕಣ್ಣ.

"ಇರ್ಲಿ. ಇನ್ನು ಆ ಕಾರಿಗೆ ನಾನು ಕಾಲಿಡಲ್ಲ. ಕಾಲು ಸುಡುತ್ತೆ."

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಅವಾಂತರವೂ ಇದರ ಒಂದು ಪದದ ಮೇಲೆ ನಿಂತಿದೆ.

ಅತ್ತಿಗೆ ಹಟಮಾರಿಯಲ್ಲ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಅಂದಿನಿಂದ ರಜೆಯ ದಿನ ಅಣ್ಣನ ಮನೆಗೆ ಹೋಗಬೇಕಾದರೆ ಅವರು ಬಸ್ಸು ಹತ್ತುವರು. ರಸ್ಕಣ್ಣ ಕಾರಿನಲ್ಲಿ ಬಸ್ಸಿನ ಹಿಂದೆ ಹೋಗುವನು. ಬಸ್ಸು ನಿಂತಲ್ಲಿ ನಿಲ್ಲುವುದು, ಬಸ್ಸು ಹೊರಟಾಗ ಹೊರಡುವುದು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಜೊತೇಲೇ ಹೋದ ಹಾಗಾಯ್ತಲ್ಲ" ಎಂದ. ಬಸ್ಸಿನವರು ಅವನಿಗೆ ಬಾಲ ಎಂದು ಹೆಸರಿಟ್ಟರು. ಕಂಡಕ್ಟರ್ ಒಮ್ಮೆ ಹಿಂದಿನ ಗಾಜಿನಲ್ಲಿ ನೋಡಿ ಕೇಳಿದನಂತೆ, "ಅಮ್ಮಾ, ನಿಮ್ಮ ಯಜಮಾನ್ರು ಹಿಂದೇನೇ ಇದಾರೆ. ಅವರಿಗೂ ಒಂದು ಟಿಕೆಟ್ ಹರೀಲಾ?"

"ಬೇಡಪ್ಪಾ, ಅವರ ಸೀಟು ಅವರೇ ತಂದಿದಾರೆ," ಎಂದರಂತೆ ಅತ್ತಿಗೆ.

ರಸ್ಕಣ್ಣ ಸುಮ್ಮನೆ ಕೂರಲಿಲ್ಲ. ಎಂಜಿನ್ನಿನ ಬಿಸಿ ಒಳಗೆ ಬರದ ಹಾಗೆ ಮಾಡಿದರೆ ಹೆಂಡತಿ ಪಕ್ಕಕ್ಕೆ ಬಂದು ಕೂರುತ್ತಾಳೆ, ಲೆಕ್ಕ ಸರಳವಾಗಿತ್ತು. ಬಿಸಿಯ ವಿಷಯದಲ್ಲಿ ತನಗಿಂತ ತಿಳಿದವರು ಊರಿನಲ್ಲಿ ಯಾರಿದ್ದಾರೆ ಎಂಬ ಹೆಮ್ಮೆಯೂ ಇತ್ತು. ನನ್ನ ಸ್ಟೂಲಿನ ಮೇಲೆ ಕೂತು ಪಾಠ ಮಾಡಿದ.

"ನೋಡು, ನೀನು ಪುಸ್ತಕದವನು, ನಿಂಗೆ ಎಲ್ಲಾ ಬಿಸಿನೂ ಒಂದೇ. ಮುಟ್ಟಿ ಬರೋದು ಕಾವು. ಮುಟ್ಟದೆ ದೂರದಿಂದ ಹೊಡೆಯೋದು ಝಳ. ಸಂದೀಲಿ ನುಸುಳಿ ಬರೋದು ಬಿಸಿಗಾಳಿ. ಮೂರಕ್ಕೂ ಬೇರೆ ಬೇರೆ ಬಾಗಿಲು."

"ನಾಲ್ಕನೇದು ಬಿಟ್ಟೆಯಲ್ಲ."

"ಯಾವುದು?"

"ಅತ್ತಿಗೆ ಕೋಪ."

"ಅದಕ್ಕೆ ಬಾಗಿಲೇ ಬೇಕಿಲ್ಲ. ಗೋಡೆ ಸಮೇತ ಬರುತ್ತೆ."

ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ಹಳೆಯ ಕಾರುಗಳಲ್ಲಿ ಅದು ಬರೀ ತಗಡು. ಅದರ ಬುಡದಿಂದ ಹೊಗೆಕೊಳವೆ ಹೊರಟು ನಮ್ಮ ಕಾಲಡಿಯ ನೆಲದ ಕೆಳಗೇ ಹಿಂದಕ್ಕೆ ಹೋಗುತ್ತದೆ. ರಸ್ಕಣ್ಣ ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದ. ಭಟ್ಟಿಯ ಒಳಗೋಡೆಗೆ ಮೆತ್ತುವ ಮಣ್ಣನ್ನು ಕಲಸಿ ಆ ತಗಡಿನ ಗೋಡೆಗೂ ನೆಲಕ್ಕೂ ಬೆರಳು ದಪ್ಪಕ್ಕೆ ಬಳಿದ. ಅದರ ಮೇಲೆ ತೆಳ್ಳನೆಯ ಬೆಂಕಿ ಇಟ್ಟಿಗೆಯ ಬಿಲ್ಲೆ ಕೂರಿಸಿದ. ಒಣಗಿದ ಮೇಲೆ ಒಂದು ಸುತ್ತು ಹೋಗಿಬಂದು, "ತಣ್ಣಗಿದೆ ಕಣೋ, ನೆಲಮಾಳಿಗೆ ಇದ್ದ ಹಾಗಿದೆ" ಎಂದು ಕುಣಿದಾಡಿದ.

ಒಂದು ಸುತ್ತಿಗೆ ತಣ್ಣಗೇ ಇತ್ತು. ದೂರ ಹೋದಾಗ ಮಣ್ಣು ನಿಧಾನವಾಗಿ ಬಿಸಿ ಕುಡಿಯಿತು. ಕುಡಿದದ್ದನ್ನು ಬಿಡಲೇ ಇಲ್ಲ. ಎಂಜಿನ್ ಆರಿಸಿ, ಕಾರು ನೆರಳಿಗೆ ನಿಲ್ಲಿಸಿ, ಊಟ ಮಾಡಿ ಬಂದರೂ ಒಳಗೆ ಧಗಧಗ. ಭಟ್ಟಿ ಕಟ್ಟುವುದೇ ಅದಕ್ಕಲ್ಲವೇ, ಬೆಂಕಿ ಆರಿದ ಮೇಲೂ ಬಿಸಿ ಉಳಿಯಲಿ ಎಂದು. ಜೀವನವಿಡೀ ಬಿಸಿಯನ್ನು ಹಿಡಿದಿಡಲು ಕಲಿತ ಕೈಗೆ ಅದನ್ನು ಬಿಟ್ಟುಕಳಿಸುವುದು ಗೊತ್ತಿರಲಿಲ್ಲ.

ಎದುರು ಸಾಲಿನ ಮೆಕ್ಯಾನಿಕ್ ಬಂದು ಬಾಗಿಲು ತೆಗೆದು ಕೈಚಾಚಿ, ಹಿಂದಕ್ಕೆ ಸರಿದ. "ಅಣ್ಣ, ಇದಕ್ಕೆ ಚಿಮಣಿ ಒಂದು ಕಮ್ಮಿ."

ಅತ್ತಿಗೆ ಕಪಾಟಿನ ಹಿಂದಿನಿಂದ ಎದ್ದುಬಂದರು. ಅವರೂ ಕೈಚಾಚಿ ನೋಡಿದರು. ಒಳಗೆ ಹೋಗಿ, ಕೊಯ್ದ ಬ್ರೆಡ್ಡಿನ ಒಂದು ಟ್ರೇ ತಂದು, ಮುಂದಿನ ಸೀಟಿನ ಕೆಳಗೆ ಇಟ್ಟು ಬಾಗಿಲು ಹಾಕಿದರು. "ಸಂಜೆಗೆ ತೆಗೀತೀನಿ. ಯಾರೂ ಬಾಗಿಲು ತೆಗೀಬೇಡಿ, ಬಿಸಿ ಹೋಗುತ್ತೆ."

ಸಂಜೆಗೆ ಅದು ಮುಕ್ಕಾಲು ಪಾಲು ರಸ್ಕಾಗಿತ್ತು. ಅತ್ತಿಗೆ ಅದನ್ನೇ ಚಹಾದ ಜೊತೆ ನಮಗೆ ಕೊಟ್ಟರು. ರಸ್ಕಣ್ಣ ಒಂದು ಕಚ್ಚಿ ನೋಡಿ, ತಡೆಯಲಾರದೆ, "ಇನ್ನೊಂಚೂರು ಬೇಯಬೇಕಿತ್ತು" ಎಂದ.

ಮಣ್ಣು ಕೆರೆದು ತೆಗೆಯಲು ಅದನ್ನು ಬಳಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆಮೇಲೆ ಅವನು ಕಾರನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟ, ಸಂಪೂರ್ಣವಾಗಿ ಅಲ್ಲ. ದಿನವೂ ಹಿಟ್ಟಿನ ಕೈಯಲ್ಲೇ ಹೋಗಿ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿದ್ದ. ಬಾನೆಟ್ಟಿನೊಳಗೆ ಒಂದು ಬಲ್ಬು ಉರಿಸಿ, ಗ್ಯಾರೇಜಿನ ಬಾಗಿಲೆಳೆದು, ಕಾರಿನೊಳಗೆ ಕೂತು ನೋಡಿದರು. ತಂತಿ, ಕೇಬಲ್ಲು ಹಾಯ್ದುಬರುವ ತೂತುಗಳಲ್ಲಿ ರಬ್ಬರು ಒಣಗಿ ಉದುರಿಹೋಗಿತ್ತು. ಎಲ್ಲೆಲ್ಲಿ ಬೆಳಕು ಇಣುಕಿತೋ ಅಲ್ಲೆಲ್ಲ ಬಿಸಿಗಾಳಿಗೆ ದಾರಿ. ಅವಕ್ಕೆಲ್ಲ ಹೊಸ ರಬ್ಬರು ಬಿತ್ತು. ಹೊಗೆಕೊಳವೆಗೂ ನೆಲಕ್ಕೂ ನಡುವೆ ಒಂದು ತಗಡನ್ನು, ಎರಡಕ್ಕೂ ತಾಗದ ಹಾಗೆ, ನೇತುಹಾಕಿದರು. ಗಾಳಿ ಆ ಸಂದಿನಲ್ಲಿ ಹಾಯ್ದು ಝಳವನ್ನು ಒಯ್ಯುತ್ತದೆ. ಒಳಗೆ ನೆಲಕ್ಕೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ, ಕಂಬಳಿಯಂಥ ದಪ್ಪ ಫೆಲ್ಟ್ ಬಟ್ಟೆ ಹಾಸಿ ಮೇಲೆ ಮ್ಯಾಟು ಹಾಕಿದರು. ಕೆಲಸ ಚೊಕ್ಕವಾಗಿತ್ತು. ಇನ್ನು ಮಾತಿಲ್ಲ ಎಂದುಕೊಂಡೆವು.

ಅತ್ತಿಗೆಯನ್ನು ಒಪ್ಪಿಸಿ ಕೂರಿಸಿದ್ದಾಯಿತು. ಊರಾಚೆಯ ಸೇತುವೆಯವರೆಗೆ ಹೋಗಿ ಬಂದರು. ಇಳಿದವರೇ ಅತ್ತಿಗೆ ಹೇಳಿದ್ದು, "ಕಾಲು ಇನ್ನೂ ಸುಡುತ್ತೆ."

ರಸ್ಕಣ್ಣ ಬಗ್ಗಿ ನೆಲಕ್ಕೆ ಅಂಗೈ ಒತ್ತಿದ. "ತಣ್ಣಗಿದೆ."

"ನಿಮ್ಮ ಕೈ ಏನು ಹೇಳುತ್ತೆ? ಟ್ರೇ ಹಿಡಿಯೋ ಕೈ."

ಮೆಕ್ಯಾನಿಕ್ ಕೈಯಿಟ್ಟ. ತಣ್ಣಗಿತ್ತು. ನಾನು ಕೈಯಿಟ್ಟೆ. ತಣ್ಣಗೇ ಇತ್ತು. ಮೂರು ಗಂಡಸರ ಅಂಗೈಗಳು ಒಂದೇ ತೀರ್ಪು ಕೊಟ್ಟ ಮೇಲೆ ಒಬ್ಬ ಹೆಂಗಸಿನ ಕಾಲಿನ ಮಾತು ಯಾರು ಕೇಳುತ್ತಾರೆ? ರಸ್ಕಣ್ಣ ಕೈ ಒರೆಸಿಕೊಳ್ಳುತ್ತ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಸುಳ್ಳು" ಎಂದ.

ಅತ್ತಿಗೆ ಕಪಾಟಿನ ಹಿಂದೆ ಹೋಗಿ ಕೂತರು. ಗಿರಾಕಿಯೊಬ್ಬ ಬಂದು ಬನ್ನು ಕೇಳಿದ, ಕೊಟ್ಟರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅತ್ತಿಗೆ ರಜೆಯ ದಿನ ಬಸ್ಸು ಹತ್ತುತ್ತಲೇ ಇದ್ದರು, ಆದರೆ ಹಿಂದೆ ಕಾರು ಇರುತ್ತಿರಲಿಲ್ಲ. ಕಾರಿಗೆ ಹೊದಿಕೆ ಬಿತ್ತು. ಕಂಡಕ್ಟರ್, "ಏನಮ್ಮಾ, ಇವತ್ತೂ ಬಾಲ ಇಲ್ವಾ?" ಎಂದು ಕೇಳಿ, ಅತ್ತಿಗೆ ಕಿಟಕಿಯಾಚೆ ಮುಖ ತಿರುಗಿಸಿದಾಗ ಮುಂದಿನ ಸೀಟಿಗೆ ಸರಿದನಂತೆ. ಬೇಕರಿಯಲ್ಲಿ ಗಂಡ ಹೆಂಡತಿ ಗಿರಾಕಿಗಳ ಮೂಲಕ ಮಾತಾಡುತ್ತಿದ್ದರು. "ಬ್ರೆಡ್ಡು ಆಗಿದ್ರೆ ಕೊಡ್ತೀವಿ, ಇನ್ನೂ ಆಗಿಲ್ಲ ಅನ್ಸುತ್ತೆ," ಎಂದು ಅತ್ತಿಗೆ ಗಿರಾಕಿಗೆ ಹೇಳಿದರೆ, ಒಳಗಿನಿಂದ, "ಆಯ್ತು ಅಂತ ಹೇಳಪ್ಪಾ," ಎಂದು ಇವನು ಅದೇ ಗಿರಾಕಿಗೆ ಕೂಗುವುದು.

ಒಂದು ಮಧ್ಯಾಹ್ನ ನನ್ನಲ್ಲಿಗೆ ಬಂದು ಕೂತ. ಪುಸ್ತಕವೊಂದನ್ನು ತೆಗೆದು, ತಲೆಕೆಳಗಾಗಿ ಹಿಡಿದುಕೊಂಡೇ ಹೇಳಿದ, "ಅವಳಿಗೆ ಸುಡೋದು ಕಾರಲ್ಲ ಕಣಯ್ಯ."

"ಮತ್ತೆ?"

"ಪಕ್ಕದಲ್ಲಿ ನಾನು ಇರ್ತೀನಲ್ಲ, ಅದು. ಬಾಯಿಬಿಟ್ಟು ಹೇಳೋಕಾಗದೆ ಕಾಲಿನ ನೆಪ ಹೇಳ್ತಾಳೆ. ಬೆನ್ನು ಹಾಕಿಕೊಂಡೇ ಇದ್ದಿದ್ರೆ ಗೊತ್ತಾಗ್ತಾನೇ ಇರಲಿಲ್ಲ. ಸುಮ್ನೆ ಕಾರು ತಂದೆ."

ನಾನು ಏನೋ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಆದರೆ ಸುಳ್ಳಿ ಎನ್ನಿಸಿಕೊಂಡು ಬದುಕುವ ಜಾತಿ ಅತ್ತಿಗೆಯದಲ್ಲ. ಒಂದು ರಜೆಯ ದಿನ ಬಸ್ಸಿನ ಹೊತ್ತಿಗೆ ಸರಿಯಾಗಿ ಬಂದು ಕಾರಿನ ಹೊದಿಕೆಯನ್ನು ತಾವೇ ಎಳೆದು ಹಾಕಿದರು. "ತೆಗೀರಿ ಕಾರು. ಪುಸ್ತಕದವರೇ, ನೀವು ಹಿಂದೆ ಕೂತ್ಕೊಳ್ಳಿ. ಸಾಕ್ಷಿ ಬೇಕು ನಂಗೆ."

ಸೇತುವೆಗೆ ಹೋಗಿ ಬಂದೆವು.  ಅಂಗಡಿಗಳ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ರಸ್ಕಣ್ಣ ಸುತ್ತಿ ಬಂದು ಅತ್ತಿಗೆಯ ಕಡೆಯ ಬಾಗಿಲು ತೆಗೆದ.

"ಸುಡ್ತಿದೆಯಾ?"

"ಸುಡ್ತಿದೆ."

"ಪುಸ್ತಕದವರೂ ನೋಡ್ಲಿ. ನಿನ್ನ ಎದುರಿಗೇ ಕೈಯಿಡ್ತೀನಿ." ಅವನು ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿದ. "ನೋಡು, ಇಲ್ಲಿ ತಣ್ಣಗೆ. ಇಲ್ಲಿ ತಣ್ಣಗೆ. ಈ ಮೂಲೆನೂ ತಣ್ಣ..."

ಅಲ್ಲಿಗೆ ಮಾತು ನಿಂತು ಒಂದು ವಿಚಿತ್ರ ಸದ್ದು ಬಂತು. ರಸ್ಕಣ್ಣ ತಲೆಯನ್ನು ಹೊರಗೆಳೆದುಕೊಂಡು ಕಿವಿ ಹಿಡಿದುಕೊಂಡು ರಸ್ತೆಯಲ್ಲಿ ಕೂತುಬಿಟ್ಟ. ಕೈ ಸುಟ್ಟರೆ ಎಲ್ಲರೂ ಕಿವಿ ಹಿಡಿದುಕೊಳ್ಳುತ್ತಾರೆ; ಕಿವಿಯೇ ಸುಟ್ಟರೆ ಏನು ಹಿಡಿದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

"ಏನಾಯ್ತು?" ಎಂದರು ಅತ್ತಿಗೆ.

"ಕಿವಿ ಸುಟ್ಟಿತು."

"ಸುಳ್ಳು," ಎಂದರು ಅತ್ತಿಗೆ.

ನಾನು ಹಿಂದಿನ ಸೀಟಿನಲ್ಲಿ ಸಾಕ್ಷಿಗೆ ತಕ್ಕ ಗಾಂಭೀರ್ಯದಿಂದ ಕೂತಿರಲು ತುಂಬ ಪ್ರಯತ್ನಿಸಿದೆ.

ಕೆಳಗೆ ಬಗ್ಗಿ ನೋಡಿದರೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಆ ಸೀಟಿನಲ್ಲಿ ಕೂತವರ ಮೊಣಕಾಲಿಗೆ ಎದುರಾಗಿ, ಒಂದು ಕಪ್ಪು ತಗಡಿನ ಡಬ್ಬಿ. ಕಾಸಿದ ಹಂಚಿನ ಹಾಗೆ ಇತ್ತು. ಅತ್ತಿಗೆ ತಮ್ಮ ಮೊಣಕಾಲನ್ನೂ ಅದರ ಕೆಳಗಿನ ಕಣಕಾಲನ್ನೂ ಉಜ್ಜಿಕೊಳ್ಳುತ್ತಿದ್ದರು.

ರಸ್ಕಣ್ಣ ಅದನ್ನೇ ನೋಡಿದ. "ಕಾಲು ಸುಡುತ್ತೆ ಅಂದೆ ನೀನು."

"ಇದೇನು ಮತ್ತೆ, ಕೈಯಾ?"

"ಕಾಲು ಅಂದ್ರೆ ಪಾದ ಅಲ್ವಾ?"

"ಪಾದ ಅಂದ್ರೆ ಪಾದ. ಕಾಲು ಅಂದ್ರೆ ಕಾಲು. ಪಾದ ಸುಡುತ್ತೆ ಅಂತ ನಾನು ಯಾವತ್ತು ಹೇಳಿದೀನಿ?"

"ಚಪ್ಪಲಿ ಕರಗಿತ್ತಲ್ಲ."

"ಚಪ್ಪಲಿ ಕರಗಿತ್ತು. ಅದು ಚಪ್ಪಲಿ ಸಮಾಚಾರ. ನಾನು ಹೇಳಿದ್ದು ನನ್ನ ಸಮಾಚಾರ."

ಸಂಜೆ ಅವನು ಸುಟ್ಟ ಕಿವಿಗೆ ಬೆಣ್ಣೆ ಹಚ್ಚಿಕೊಂಡು ನನ್ನ ಅಂಗಡಿಗೆ ಬಂದು ದಪ್ಪ ನಿಘಂಟು ಇಳಿಸಿಕೊಂಡ. ಸೋಲುವುದಾದರೂ ಬರಹದ ಆಧಾರದಲ್ಲಿ ಸೋಲಬೇಕಿತ್ತು. ಬೆರಳಿಟ್ಟು ಓದಿದ. ಕಾಲು ಎಂದರೆ ಪಾದವೂ ಹೌದು, ತೊಡೆಯಿಂದ ಪಾದದವರೆಗಿನ ಇಡೀ ಅಂಗವೂ ಹೌದು. ಕೆಳಗೆ ಇನ್ನೊಂದು ಅರ್ಥ ಕೊಟ್ಟಿತ್ತು: ನಾಲ್ಕರಲ್ಲಿ ಒಂದು ಪಾಲು. ಅಷ್ಟರಲ್ಲಿ ಅತ್ತಿಗೆ ಚಹಾ ತಂದರು. ನಾನು ಆ ಕೊನೆಯ ಅರ್ಥವನ್ನು ಗಟ್ಟಿಯಾಗಿ ಓದಿದೆ.

"ಸರಿಯಾಗಿದೆ. ನಾನು ಹೇಳಿದ್ದರಲ್ಲಿ ಅವರು ಯಾವಾಗ್ಲೂ ಕೇಳಿಸ್ಕೊಳ್ಳೋದು ಅಷ್ಟೇ," ಎಂದು ಅತ್ತಿಗೆ ಲೋಟ ಇಟ್ಟು ಹೋದರು.

ಅಷ್ಟು ದಿನಗಳ ಮೇಲೆ ಅವರು ಅವನನ್ನು ಛೇಡಿಸಿ ಆಡಿದ ಮಾತು ಅದು. ರಸ್ಕಣ್ಣ ಲೋಟ ಹಿಡಿದುಕೊಂಡು ಬಹಳ ಹೊತ್ತು ನಗುತ್ತ ಕೂತಿದ್ದ.

ಮಾರನೆಯ ದಿನ ಮೆಕ್ಯಾನಿಕ್ ಆ ಡಬ್ಬಿಯನ್ನು ತಟ್ಟಿ ನೋಡಿ, ನಾಚಿಕೆಯಿಂದ ತಲೆ ಕೆರೆದುಕೊಂಡ. "ಅಣ್ಣ, ಇದು ಹೀಟರ್."

"ಅಂದ್ರೆ?"

"ಅಂದ್ರೆ ಕಾರೊಳಗೆ ಬಿಸಿ ಮಾಡೋಕೆ ಅಂತಾನೇ ಇಟ್ಟಿರೋದು. ಚಳಿ ಇರೋ ಕಡೆಯವರಿಗೆ ಮಾಡಿದ ಗಾಡಿ ಇದು. ಎಂಜಿನ್ನಿನ ಬಿಸಿನೀರು ಈ ಡಬ್ಬೀಲಿ ಸುತ್ತಿ ಹೋಗುತ್ತೆ. ಬೇಡ ಅಂದ್ರೆ ಮುಚ್ಚೋಕೆ ಒಂದು ನಲ್ಲಿ ಇದೆ. ಅದು ತೆರೆದೇ ತುಕ್ಕು ಹಿಡಿದು ಕೂತಿದೆ."

"ಆ ನಲ್ಲಿ ತಿರುಗಿಸೋ ಗುಬುಟು ಎಲ್ಲಿದೆ?"

ಮೆಕ್ಯಾನಿಕ್ ತೋರಿಸಿದ. ಅಕ್ಷರ ಅಳಿಸಿಹೋಗಿದ್ದ ಆ ಗುಬುಟಿಗೆ ರಸ್ಕಣ್ಣ ಇಷ್ಟು ಕಾಲವೂ ತನ್ನ ಕನ್ನಡಕದ ಚೀಲ ನೇತುಹಾಕುತ್ತಿದ್ದ.

ಕಳ್ಳನಿಗೆ ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟು, ಹೊರಗೆ ಬಾಗಿಲಿಗೆ ಬೀಗದ ಮೇಲೆ ಬೀಗ ಜಡಿಯುತ್ತಿದ್ದೆವು. ಡಬ್ಬಿಗೆ ಹೋಗುವ ನೀರಿನ ಪೈಪನ್ನು ಅಲ್ಲೇ ಹಿಂದಕ್ಕೆ ತಿರುಗಿಸಿ ಕಟ್ಟಲು ಮೆಕ್ಯಾನಿಕ್ಕಿಗೆ ಒಂದು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಮುಂದಿನ ರಜೆಗೆ ಅತ್ತಿಗೆ ಮುಂದೆ ಕೂತರು. ಅಣ್ಣನ ಮನೆಗೆ ಹೊರಟದ್ದು. ನನ್ನನ್ನೂ ಎಳೆದುಕೊಂಡು ಹೋದರು. ಊರು ದಾಟಿದ ಮೇಲೆ ಮುಂದೆ ಅತ್ತಿಗೆ ಹತ್ತುತ್ತಿದ್ದ ಬಸ್ಸೇ ಸಿಕ್ಕಿತು. ರಸ್ಕಣ್ಣ ಅದರ ಹಿಂದೆ ಸೇರಿಕೊಂಡ. ಬಸ್ಸು ನಿಂತಿತು, ನಾವೂ ನಿಂತೆವು. ಬಸ್ಸು ಹೊರಟಿತು, ನಾವೂ ಹೊರಟೆವು. ರಸ್ತೆ ಖಾಲಿಯಿತ್ತು. ಹೀಗೇ ಮೂರು ನಿಲ್ದಾಣ ಕಳೆದ ಮೇಲೆ ಅತ್ತಿಗೆ ಹೇಳಿದರು, "ಮುಂದೆ ಹೋಗ್ರೀ. ನಾನು ಇಲ್ಲೇ ಇದೀನಲ್ಲ."

ಅವನು ಅವರ ಕಡೆ ಒಮ್ಮೆ ನೋಡಿದ. ಗೇರು ಬದಲಿಸಿದ. ಬಸ್ಸನ್ನು ದಾಟುವಾಗ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, ಬಾಯಿಗೆ ಬೆರಳಿಟ್ಟು ಶಿಳ್ಳೆ ಹಾಕಿದ.

ಅಲ್ಲಿಂದ ಮುಂದೆ ಹೇಳಲು ಹೆಚ್ಚೇನೂ ಇಲ್ಲ, ಅದು ಚೆನ್ನಾಗಿ ಹೋದ ಕಾಲ. ರಜೆಯ ದಿನ ಇಬ್ಬರೂ ಹೋಗುವರು, ಬರುವರು. ಎಲ್ಲಿಗೆ ಹೋಗಿದ್ದಿರಿ ಎಂದರೆ, "ಹೀಗೇ" ಎನ್ನುವರು. ಅತ್ತಿಗೆಯ ಒಂದೇ ದೂರು, ಅವನು ದಾರಿಯುದ್ದಕ್ಕೂ, "ಕಾಲು ಹೇಗಿದೆ, ಕಾಲು ಹೇಗಿದೆ" ಎಂದು ಕೇಳುತ್ತಾನೆ ಎಂಬುದು. "ಒಂದು ದಿನ ಆದ್ರೂ ತಲೆ ಹೇಗಿದೆ ಅಂತ ಕೇಳಲಿಲ್ಲ."

ಅವನು ಹೋದದ್ದು ಸಾಮಾನ್ಯ ದಿನ, ಬೆಳಗಿನ ಬ್ರೆಡ್ಡು ಇಳಿಸಿದ ಮೇಲೆ. ಹಿಟ್ಟಿನ ಮೂಟೆಯ ಮೇಲೆ ಕೂತವನು ಏಳಲಿಲ್ಲ. ಟ್ರೇಯ ಸದ್ದು ನಿಂತದ್ದನ್ನು ಅತ್ತಿಗೆ ಗಮನಿಸಿ ಒಳಗೆ ಹೋದರು. ನನ್ನನ್ನು ಕರೆದಾಗ ನಾನು ಹೋದೆ. ಭಟ್ಟಿಯಲ್ಲಿ ಎರಡನೆಯ ಸಲದ ರಸ್ಕು ಇತ್ತು. ಯಾರೂ ತೆಗೆಯಲಿಲ್ಲ. ಭಟ್ಟಿ ಆರಲು ಎರಡು ದಿನ ಹಿಡಿಯಿತು. ಗೋಡೆಯ ಈ ಕಡೆಯಿಂದ ಕೈಯಿಟ್ಟು ನೋಡುತ್ತಿದ್ದೆ. ಈ ವಿಷಯ ಇಷ್ಟಕ್ಕೆ ಸಾಕು.

ಕಾರನ್ನೇನು ಮಾಡುತ್ತೀರಿ ಎಂಬುದಕ್ಕೆ ಅತ್ತಿಗೆ ಕೊನೆಗೊಂದು ಉತ್ತರ ಕೊಟ್ಟರು. ಕೊಂಡುಕೊಳ್ಳಲು ಬಂದವರನ್ನೆಲ್ಲ ಕಳಿಸಿ, ಮೆಕ್ಯಾನಿಕ್ಕನ್ನು ಕರೆಸಿ, "ಓಡಿಸೋದು ಹೇಳಿಕೊಡು" ಎಂದರು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಯಾಕೆ, ಈ ವಯಸ್ಸಿಗೆ ಕಲೀಬಾರ್ದಾ? ನಿಂಗೆ ಹೇಳಿಕೊಡೋಕೆ ಬರುತ್ತೋ ಇಲ್ವೋ ಅಷ್ಟು ಹೇಳು."

ಮೊದಲ ದಿನ ಮೈದಾನದಲ್ಲಿ ಸುತ್ತು ಹಾಕಿದರು. ಕಾರು ಕುಪ್ಪಳಿಸಿತು, ಕೆಮ್ಮಿತು, ಕೊನೆಗೆ ಮಾತು ಕೇಳಿತು. ನಾನು ಮರದ ಕೆಳಗೆ ನಿಂತಿದ್ದೆ. ಕೆಲವು ಸುತ್ತಿನ ಮೇಲೆ ಅತ್ತಿಗೆ ನಿಲ್ಲಿಸಿ ಬಾಗಿಲು ತೆಗೆದು, ಎರಡೂ ಪಾದಗಳನ್ನು ಹೊರಗೆ ಹುಲ್ಲಿನ ಮೇಲೆ ಇಟ್ಟರು.

"ಪಾದ ಸುಡ್ತಿದೆ," ಎಂದರು, ಪದವನ್ನು ಎಚ್ಚರದಿಂದ ಆರಿಸಿ.

ಮೆಕ್ಯಾನಿಕ್ ಮ್ಯಾಟು ಎತ್ತಿದ. ಅಡಿಯಲ್ಲಿ ಬರೀ ತಗಡು. ಫೆಲ್ಟ್ ಇಲ್ಲ, ಬೆಳ್ಳಿ ಹಾಳೆ ಇಲ್ಲ. ಪಕ್ಕದ ಸೀಟಿನ ಕಡೆ ಎತ್ತಿ ನೋಡಿದರೆ ಅಲ್ಲಿ ಎರಡು ಪದರ.

"ಅಣ್ಣ ಈ ಕಡೆ ಬೇಡ ಅಂದ್ರು ಅಕ್ಕ," ಎಂದ ಮೆಕ್ಯಾನಿಕ್. "ಇದ್ದ ಬಟ್ಟೆ ಎಲ್ಲಾ ಆ ಕಡೆಗೇ ಹಾಕು, ಅವಳಿಗೆ ಎರಡು ಪದರ ಬರ್ಲಿ ಅಂದ್ರು. ನಂಗೆ ಬಿಸಿ ಗೊತ್ತಾಗಲ್ಲ, ಭಟ್ಟಿಯವನು ನಾನು ಅಂದ್ರು."

"ಗೊತ್ತಾಗಲ್ಲ ಅಂದ್ರಾ?"

"ಹೂಂ."

ಅತ್ತಿಗೆ ಪಾದಗಳನ್ನು ಹುಲ್ಲಿಗೆ ಉಜ್ಜಿಕೊಂಡರು. "ಕಾರಲ್ಲಿ ಹೋಗಿ ಬಂದ ದಿನ ಬಕೆಟ್ಟಲ್ಲಿ ತಣ್ಣೀರು ತುಂಬಿಸ್ಕೊಂಡು ಎರಡೂ ಪಾದ ಇಟ್ಕೊಂಡು ಕೂತಿರೋರು. ಏನು ಅಂತ ಕೇಳಿದ್ರೆ, ವಾರವೆಲ್ಲಾ ನಿಂತೂ ನಿಂತೂ ನೋವು ಅನ್ನೋರು. ನಾನೂ ಹೌದು ಅಂದ್ಕೊಂಡೆ."

ಮೆಕ್ಯಾನಿಕ್ ಮ್ಯಾಟು ಕೆಳಗಿಡುತ್ತ, "ಈ ಕಡೆಗೂ ಹಾಕಿಕೊಡ್ಲಾ ಅಕ್ಕ?" ಎಂದ.

"ಹಾಕು. ನಂಗೆ ಗೊತ್ತಾಗುತ್ತೆ. ಆದ್ರೆ ಇವತ್ತು ಬೇಡ, ಇವತ್ತು ಹೀಗೇ ಓಡಿಸ್ತೀನಿ." ಪಾದಗಳನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದರು. ಎಂಜಿನ್ ಶುರುವಾಯಿತು, ಕಾರು ಹೊರಡಲಿಲ್ಲ. ಅತ್ತಿಗೆ ಕಿಟಕಿಯಿಂದ ತಲೆ ಹಾಕಿದರು.

"ಪುಸ್ತಕದವರೇ, ನೀವು ಬಂದು ಇಲ್ಲಿ ಪಕ್ಕದಲ್ಲಿ ಕೂತ್ಕೊಳ್ಳಿ. ಇವನು ಹಿಂದೆ ಕೂತ್ಕೊಂಡು ಹೇಳ್ಲಿ."

"ನಂಗೆ ಕಾರಿನ ವಿಷಯ ಏನೂ ಗೊತ್ತಿಲ್ಲವಲ್ಲ ಅತ್ತಿಗೆ."

"ಅದಕ್ಕೇ ಕರೀತಿರೋದು. ಇವನು ಅಲ್ಲಿ ಕೂತ್ರೆ ಸ್ಟೇರಿಂಗಿಗೇ ಕೈ ಹಾಕ್ತಾನೆ. ಬನ್ನಿ, ಸುಮ್ನೆ ಮುಂದೆ ನೋಡ್ಕೊಂಡು ಕೂತ್ಕೊಂಡ್ರೆ ಸಾಕು."

ನಾನು ಹೋಗಿ ಕೂತೆ. ಅತ್ತಿಗೆ ಹಲ್ಲು ಕಚ್ಚಿಕೊಂಡು ಕಾರು ಓಡಿಸುತ್ತಿದ್ದರು. ಇಬ್ಬರೂ ಮುಂದೆ ನೋಡುತ್ತಿದ್ದೆವು. ನನ್ನ ಕಾಲಿಗೆ ಬಿಸಿ ತಾಗಲಿಲ್ಲ.